ಹೋಮ್ ಥಿಯೇಟರ್ ಧ್ವನಿ ವ್ಯವಸ್ಥೆ

ಹೋಮ್ ಥಿಯೇಟರ್ ಧ್ವನಿ ವ್ಯವಸ್ಥೆ ಎಂದರೆ ಚಲನಚಿತ್ರ ಮಂದಿರದಲ್ಲಿರುವಂತೆ ಕೇಳುಗರ ಸುತ್ತಲಿನಿಂದಲೂ ಧ್ವನಿ ಹೊಮ್ಮುವ ಅನುಭವವನ್ನು ಮನೆಯ ಕೋಣೆಯಲ್ಲಿ ಉಂಟುಮಾಡುವ ಉಪಕರಣಗಳ ಸಮೂಹ. ಸಾಮಾನ್ಯವಾಗಿ ಇದರಲ್ಲಿ ಒಂದು ಎವಿ ರಿಸೀವರ್, ಐದು ಅಥವಾ ಅದಕ್ಕಿಂತ ಹೆಚ್ಚು ಸ್ಪೀಕರ್‌ಗಳು, ಮಂದ್ರ ಧ್ವನಿಗೆ ಮೀಸಲಾದ ಒಂದು ಸಬ್‌ವೂಫರ್, ಟಿವಿ ಹಾಗೂ ಚಿತ್ರವನ್ನು ಒದಗಿಸುವ ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್ ಮೊದಲಾದ ಸಾಧನಗಳು ಇರುತ್ತವೆ.

ಇಂತಹ ವ್ಯವಸ್ಥೆಯ ಗುಣಮಟ್ಟವು ಉಪಕರಣಗಳ ಬೆಲೆಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಸ್ಪೀಕರ್‌ಗಳನ್ನು ಇರಿಸಿದ ಸ್ಥಾನ, ಕೋಣೆಯ ಗೋಡೆ ಮತ್ತು ನೆಲದ ಸ್ವರೂಪ, ತಂತಿಗಳ ಸರಿಯಾದ ಜೋಡಣೆ ಹಾಗೂ ಜೋಡಣೆಯ ನಂತರ ಮಾಡುವ ಹೊಂದಾಣಿಕೆ ಇವೆಲ್ಲವೂ ಕೇಳಿಬರುವ ಧ್ವನಿಯನ್ನು ರೂಪಿಸುತ್ತವೆ. ಒಂದೇ ಉಪಕರಣಗಳು ಎರಡು ಬೇರೆ ಕೋಣೆಗಳಲ್ಲಿ ಬೇರೆ ರೀತಿ ಕೇಳಿಸುವುದಕ್ಕೆ ಇದೇ ಕಾರಣ. ದುಬಾರಿ ಉಪಕರಣಗಳಿದ್ದೂ ಸಂಭಾಷಣೆ ಸ್ಪಷ್ಟವಾಗಿ ಕೇಳದಿರುವುದು, ಹಿಂದಿನ ಸ್ಪೀಕರ್‌ಗಳು ಮೌನವಾಗಿರುವುದು ಮುಂತಾದ ದೂರುಗಳ ಮೂಲ ಅನೇಕ ವೇಳೆ ಜೋಡಣೆಯಲ್ಲಿಯೇ ಇರುತ್ತದೆ.

ಇತಿಹಾಸ

ಸಿನೆಮಾದಲ್ಲಿ ಅನೇಕ ದಿಕ್ಕುಗಳಿಂದ ಧ್ವನಿಯನ್ನು ಹೊಮ್ಮಿಸುವ ಪ್ರಯತ್ನಗಳು ಹಳೆಯವು. 1940ರಲ್ಲಿ ಡಿಸ್ನಿ ಸಂಸ್ಥೆಯು 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ 'ಫ್ಯಾಂಟಸೌಂಡ್' ಎಂಬ ಬಹುವಾಹಿನಿ ಧ್ವನಿ ವ್ಯವಸ್ಥೆಯನ್ನು ಬಳಸಿತು. ಅದಕ್ಕೆ ಬೇಕಾದ ಸಲಕರಣೆಗಳು ದುಬಾರಿಯಾಗಿದ್ದುದರಿಂದ ಅದು ಕೆಲವೇ ಚಿತ್ರಮಂದಿರಗಳಿಗೆ ಸೀಮಿತವಾಯಿತು.

ಅಮೆರಿಕದ ಎಂಜಿನಿಯರ್ ರೇ ಡಾಲ್ಬಿ 1965ರಲ್ಲಿ ಲಂಡನ್ನಿನಲ್ಲಿ ಡಾಲ್ಬಿ ಲ್ಯಾಬೊರೇಟರೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೂ ಮುನ್ನ ಅವರು ಯುನೆಸ್ಕೋದ ತಾಂತ್ರಿಕ ಸಲಹೆಗಾರರಾಗಿ ಭಾರತದಲ್ಲಿ ಕೆಲಸ ಮಾಡಿದ್ದರು. 1970ರ ದಶಕದ ಮಧ್ಯಭಾಗದಲ್ಲಿ ಈ ಸಂಸ್ಥೆ ರೂಪಿಸಿದ ಡಾಲ್ಬಿ ಸ್ಟೀರಿಯೊ ವಿಧಾನದಲ್ಲಿ ಎಡ, ಮಧ್ಯ, ಬಲ ಮತ್ತು ಸುತ್ತುಧ್ವನಿ ಎಂಬ ನಾಲ್ಕು ವಾಹಿನಿಗಳನ್ನು 35 ಮಿಲಿಮೀಟರ್ ಫಿಲ್ಮಿನ ಎರಡು ಧ್ವನಿಪಥಗಳಲ್ಲಿ ಬೆರೆಸಿ ದಾಖಲಿಸಲಾಗುತ್ತಿತ್ತು. 1977ರ 'ಸ್ಟಾರ್ ವಾರ್ಸ್' ಚಿತ್ರದ ಯಶಸ್ಸಿನ ನಂತರ ಈ ವಿಧಾನ ವ್ಯಾಪಕವಾಯಿತು.

ಇದೇ ತಂತ್ರವು 1982ರಲ್ಲಿ ಡಾಲ್ಬಿ ಸರೌಂಡ್ ಎಂಬ ಹೆಸರಿನಿಂದ ಮನೆಗಳನ್ನು ಪ್ರವೇಶಿಸಿತು. 1987ರಲ್ಲಿ ಬಂದ ಡಾಲ್ಬಿ ಪ್ರೊ ಲಾಜಿಕ್ ಮನೆಯ ವ್ಯವಸ್ಥೆಗೂ ಪ್ರತ್ಯೇಕ ಮಧ್ಯ ವಾಹಿನಿಯನ್ನು ಒದಗಿಸಿತು. ಆರು ವಾಹಿನಿಗಳನ್ನು ಬೆರೆಸದೆ ಪ್ರತ್ಯೇಕವಾಗಿಯೇ ಒಯ್ಯುವ ಡಾಲ್ಬಿ ಡಿಜಿಟಲ್ ವಿಧಾನವನ್ನು 1992ರಲ್ಲಿ 'ಬ್ಯಾಟ್‌ಮನ್ ರಿಟರ್ನ್ಸ್' ಚಿತ್ರದಲ್ಲಿಯೂ, ಅದರ ಪ್ರತಿಸ್ಪರ್ಧಿಯಾದ ಡಿಟಿಎಸ್ ವಿಧಾನವನ್ನು 1993ರಲ್ಲಿ 'ಜುರಾಸಿಕ್ ಪಾರ್ಕ್' ಚಿತ್ರದಲ್ಲಿಯೂ ಬಳಸಲಾಯಿತು. 1996ರಲ್ಲಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದ ಡಿವಿಡಿಯು ಈ ಆರು ವಾಹಿನಿಗಳ ಧ್ವನಿಯನ್ನು ಸಾಮಾನ್ಯ ಮನೆಗಳಿಗೆ ತಲುಪಿಸಿತು. ಭಾರತದಲ್ಲಿ ಡಿವಿಡಿಗೂ ಮುನ್ನ ಜನಪ್ರಿಯವಾಗಿದ್ದ ವಿಸಿಡಿಯಲ್ಲಿ ಎರಡು ವಾಹಿನಿಗಳ ಸ್ಟೀರಿಯೊ ಧ್ವನಿ ಮಾತ್ರ ಇರುತ್ತಿತ್ತು.

2006ರಲ್ಲಿ ಬಂದ ಬ್ಲೂ-ರೇ ಡಿಸ್ಕ್, ಮೂಲ ಧ್ವನಿಯ ಯಾವ ಅಂಶವನ್ನೂ ಕಳೆದುಕೊಳ್ಳದ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ವಿಧಾನಗಳಿಗೆ ಅವಕಾಶ ನೀಡಿತು. 2012ರಲ್ಲಿ 'ಬ್ರೇವ್' ಚಿತ್ರದೊಂದಿಗೆ ಚಿತ್ರಮಂದಿರಗಳಲ್ಲಿ ಆರಂಭವಾದ ಡಾಲ್ಬಿ ಅಟ್ಮಾಸ್ ತಲೆಯ ಮೇಲ್ಭಾಗದಿಂದಲೂ ಧ್ವನಿಯನ್ನು ಕೇಳಿಸುವ ವಿಧಾನ. ಇದರ ಗೃಹಬಳಕೆಯ ರೂಪ 2014ರಲ್ಲಿ ಬಂದಿತು. ಡಿಟಿಎಸ್ ಸಂಸ್ಥೆಯ ಇದೇ ಬಗೆಯ ಡಿಟಿಎಸ್:ಎಕ್ಸ್ 2015ರಲ್ಲಿ ಬಂದಿತು.

ವಾಹಿನಿಗಳ ಸಂಖ್ಯಾ ಸೂಚನೆ

ಹೋಮ್ ಥಿಯೇಟರ್ ವ್ಯವಸ್ಥೆಗಳನ್ನು 2.1, 5.1, 7.1 ಎಂಬ ಸಂಖ್ಯೆಗಳಿಂದ ಗುರುತಿಸಲಾಗುತ್ತದೆ. ಚುಕ್ಕೆಯ ಹಿಂದಿನ ಅಂಕಿಯು ಕಿವಿಯ ಮಟ್ಟದಲ್ಲಿರುವ ಸ್ಪೀಕರ್‌ಗಳ ಸಂಖ್ಯೆಯನ್ನೂ, ಚುಕ್ಕೆಯ ಮುಂದಿನ ಅಂಕಿಯು ಸಬ್‌ವೂಫರ್ ವಾಹಿನಿಯನ್ನೂ ಸೂಚಿಸುತ್ತದೆ. 5.1.2 ಎಂಬಂತೆ ಮೂರನೆಯ ಅಂಕಿ ಇದ್ದರೆ ಅದು ಮೇಲ್ಛಾವಣಿಯ ದಿಕ್ಕಿನಿಂದ ಧ್ವನಿ ನೀಡುವ ಸ್ಪೀಕರ್‌ಗಳ ಸಂಖ್ಯೆ.

5.1 ವ್ಯವಸ್ಥೆಯಲ್ಲಿ ಪ್ರತಿ ವಾಹಿನಿಗೂ ತನ್ನದೇ ಆದ ಕೆಲಸವಿದೆ.

- ಮಧ್ಯ ವಾಹಿನಿ: ಸಂಭಾಷಣೆಯ ಬಹುಪಾಲು ಇಲ್ಲಿಂದಲೇ ಬರುತ್ತದೆ. ಪಾತ್ರದ ಮಾತು ಪರದೆಯಿಂದಲೇ ಹೊರಡುತ್ತಿದೆ ಎಂಬ ಭಾವನೆಯನ್ನು ಇದು ನೀಡುತ್ತದೆ.
- ಮುಂಭಾಗದ ಎಡ ಮತ್ತು ಬಲ ವಾಹಿನಿಗಳು: ಸಂಗೀತ, ಹಾಡುಗಳು ಹಾಗೂ ಪರದೆಯ ಅಕ್ಕಪಕ್ಕದಲ್ಲಿ ನಡೆಯುವ ಚಲನೆಯ ಧ್ವನಿ.
- ಸುತ್ತುಧ್ವನಿಯ ಎಡ ಮತ್ತು ಬಲ ವಾಹಿನಿಗಳು: ಮಳೆ, ಗಾಳಿ, ಜನಸಂದಣಿ ಮೊದಲಾದ ಪರಿಸರದ ಸದ್ದುಗಳು.
- ಮಂದ್ರ ಪರಿಣಾಮದ ವಾಹಿನಿ: ಸ್ಫೋಟ, ಗುಡುಗು ಮುಂತಾದ ಸುಮಾರು 120 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಗಳು. ವ್ಯಾಪ್ತಿ ಕಿರಿದಾದ ಕಾರಣ ಇದನ್ನು ಪೂರ್ಣ ವಾಹಿನಿಯೆಂದು ಎಣಿಸದೆ '.1' ಎಂದು ಬರೆಯುವ ರೂಢಿಯಿದೆ.

ಮುಖ್ಯ ಘಟಕಗಳು

ಎವಿ ರಿಸೀವರ್

ಇದು ವ್ಯವಸ್ಥೆಯ ಕೇಂದ್ರ. ಬೇರೆ ಬೇರೆ ಸಾಧನಗಳಿಂದ ಬರುವ ಸಂಕೇತಗಳಲ್ಲಿ ಬೇಕಾದುದನ್ನು ಆಯ್ದುಕೊಳ್ಳುವುದು, ಸಂಕುಚಿತ ಡಿಜಿಟಲ್ ಧ್ವನಿಯನ್ನು ಬಿಡಿಸಿ ವಾಹಿನಿಗಳಾಗಿ ಹಂಚುವುದು ಮತ್ತು ಪ್ರತಿ ಸ್ಪೀಕರ್‌ಗೆ ಬೇಕಾದ ಶಕ್ತಿಯನ್ನು ಒದಗಿಸುವುದು ಇದರ ಮೂರು ಕೆಲಸಗಳು. ಪೆಟ್ಟಿಗೆಯಲ್ಲಿ ಒಟ್ಟಾಗಿ ದೊರೆಯುವ ಅಗ್ಗದ ಸೆಟ್‌ಗಳಲ್ಲಿ ಈ ಕೆಲಸಗಳನ್ನು ಸಬ್‌ವೂಫರ್‌ನೊಳಗಿನ ಅಥವಾ ಡಿಸ್ಕ್ ಪ್ಲೇಯರ್‌ನೊಳಗಿನ ಆಂಪ್ಲಿಫೈಯರ್ ನಿರ್ವಹಿಸುತ್ತದೆ.

ರಿಸೀವರ್‌ನ ಸಾಮರ್ಥ್ಯವನ್ನು ವ್ಯಾಟ್‌ಗಳಲ್ಲಿ ಹೇಳಲಾಗುತ್ತದೆ. ಭಾರತದ ಮಾರುಕಟ್ಟೆಯಲ್ಲಿ ಕೆಲವು ಸೆಟ್‌ಗಳ ಪೆಟ್ಟಿಗೆಯ ಮೇಲೆ ಸಾವಿರಾರು ವ್ಯಾಟ್ 'ಪಿಎಂಪಿಒ' ಎಂದು ಮುದ್ರಿಸಿರುವುದುಂಟು. ಈ ಅಳತೆಗೆ ಒಪ್ಪಿತವಾದ ಮಾನದಂಡವಿಲ್ಲದ ಕಾರಣ ಅದರಿಂದ ಹೋಲಿಕೆ ಸಾಧ್ಯವಿಲ್ಲ. ನಿರಂತರವಾಗಿ ನೀಡಬಲ್ಲ 'ಆರ್‌ಎಂಎಸ್' ವ್ಯಾಟ್ ಸಂಖ್ಯೆಯನ್ನು, ಅದನ್ನು ಎಷ್ಟು ಓಮ್‌ಗೆ ಹಾಗೂ ಎಷ್ಟು ವಾಹಿನಿಗಳು ಏಕಕಾಲದಲ್ಲಿ ಕೆಲಸ ಮಾಡುವಾಗ ಅಳೆಯಲಾಗಿದೆ ಎಂಬುದನ್ನು ಗಮನಿಸಬೇಕು. ಶಕ್ತಿ ಎರಡು ಪಟ್ಟಾದರೆ ಧ್ವನಿಯ ಮಟ್ಟ 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಆದ್ದರಿಂದ 80 ವ್ಯಾಟ್ ಮತ್ತು 100 ವ್ಯಾಟ್‌ಗಳ ನಡುವಿನ ಅಂತರ ಕೇಳುವಾಗ ಅತ್ಯಲ್ಪ.

ಸ್ಪೀಕರ್‌ಗಳು

ಸ್ಪೀಕರ್‌ನ ಎರಡು ಗುಣಗಳು ಜೋಡಣೆಯ ದೃಷ್ಟಿಯಿಂದ ಮುಖ್ಯ. ಮೊದಲನೆಯದು ಸಂವೇದಕತೆ, ಅಂದರೆ 1 ವ್ಯಾಟ್ ಶಕ್ತಿ ನೀಡಿದಾಗ 1 ಮೀಟರ್ ದೂರದಲ್ಲಿ ಕೇಳುವ ಧ್ವನಿಯ ಮಟ್ಟ. 88 ಡೆಸಿಬೆಲ್ ಸಂವೇದಕತೆಯ ಸ್ಪೀಕರ್‌ಗೆ 100 ವ್ಯಾಟ್ ನೀಡಿದರೆ 1 ಮೀಟರ್ ದೂರದಲ್ಲಿ 108 ಡೆಸಿಬೆಲ್ ದೊರೆಯುತ್ತದೆ. ತೆರೆದ ಜಾಗದಲ್ಲಿ 3 ಮೀಟರ್ ದೂರಕ್ಕೆ ಅದು ಸುಮಾರು 98 ಡೆಸಿಬೆಲ್‌ಗೆ ಇಳಿಯುತ್ತದೆ. ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ಇಳಿಕೆ ಇದಕ್ಕಿಂತ ಕಡಿಮೆ.

ಎರಡನೆಯದು ಓಮ್‌ಗಳಲ್ಲಿ ಹೇಳುವ ಪ್ರತಿಬಾಧೆ. ಗೃಹಬಳಕೆಯ ಸ್ಪೀಕರ್‌ಗಳು ಸಾಮಾನ್ಯವಾಗಿ 4, 6 ಅಥವಾ 8 ಓಮ್‌ಗಳವು. ರಿಸೀವರ್‌ನ ಹಿಂಬದಿಯಲ್ಲಿ ಸೂಚಿಸಿದ ಕನಿಷ್ಠ ಓಮ್‌ಗಿಂತ ಕಡಿಮೆಯ ಸ್ಪೀಕರ್ ಜೋಡಿಸಿದರೆ ಹೆಚ್ಚು ವಿದ್ಯುತ್ ಹರಿದು ರಿಸೀವರ್ ಬಿಸಿಯಾಗಿ ನಿಂತುಹೋಗಬಹುದು ಅಥವಾ ಕೆಡಬಹುದು. ಒಂದೇ ವಾಹಿನಿಗೆ ಎರಡು 8 ಓಮ್ ಸ್ಪೀಕರ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ಪ್ರತಿಬಾಧೆ 4 ಓಮ್‌ಗೆ ಇಳಿಯುತ್ತದೆ ಎಂಬುದನ್ನು ನೆನಪಿಡಬೇಕು.

ಮುಂಭಾಗದ ಮೂರು ಸ್ಪೀಕರ್‌ಗಳು ಒಂದೇ ತಯಾರಕರ ಒಂದೇ ಶ್ರೇಣಿಯವಾಗಿದ್ದರೆ ಉತ್ತಮ. ಇಲ್ಲವಾದಲ್ಲಿ ಪರದೆಯ ಎಡದಿಂದ ಬಲಕ್ಕೆ ಚಲಿಸುವ ವಾಹನದ ಸದ್ದು ನಡುವೆ ತನ್ನ ನಾದಗುಣವನ್ನು ಬದಲಿಸಿದಂತೆ ಕೇಳುತ್ತದೆ.

ಸಬ್‌ವೂಫರ್

ಹೆಚ್ಚಿನ ಸಬ್‌ವೂಫರ್‌ಗಳು ತಮ್ಮದೇ ಆದ ಆಂಪ್ಲಿಫೈಯರ್ ಹೊಂದಿರುತ್ತವೆ. ಹೀಗಾಗಿ ಇವುಗಳಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಬೇಕಾಗುತ್ತದೆ. ರಿಸೀವರ್‌ನಿಂದ ಇವುಗಳಿಗೆ ಹೋಗುವುದು ಸ್ಪೀಕರ್ ತಂತಿಯಲ್ಲ, ಒಂದು ಆರ್‌ಸಿಎ ಕೇಬಲ್.

ಕೋಣೆ ಮತ್ತು ಸ್ಪೀಕರ್‌ಗಳ ಸ್ಥಾನ

5.1 ವ್ಯವಸ್ಥೆಯ ಸ್ಥಾನಗಳಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಆಧಾರವಾಗಿದೆ. ಅದರಂತೆ ಮುಖ್ಯ ಆಸನವನ್ನು ಕೇಂದ್ರವಾಗಿಟ್ಟು ಕೋನಗಳನ್ನು ಅಳೆಯಲಾಗುತ್ತದೆ.

- ಮಧ್ಯ ಸ್ಪೀಕರ್: ನೇರ ಮುಂದೆ, 0 ಡಿಗ್ರಿ.
- ಮುಂಭಾಗದ ಎಡ ಮತ್ತು ಬಲ: ಮಧ್ಯದಿಂದ ತಲಾ 30 ಡಿಗ್ರಿ.
- ಸುತ್ತುಧ್ವನಿಯ ಎಡ ಮತ್ತು ಬಲ: ಮಧ್ಯದಿಂದ ತಲಾ 100ರಿಂದ 120 ಡಿಗ್ರಿ, ಅಂದರೆ ಆಸನದ ಪಕ್ಕದಿಂದ ತುಸು ಹಿಂದಕ್ಕೆ.

ಮುಂಭಾಗದ ಎಡ, ಬಲ ಸ್ಪೀಕರ್‌ಗಳು ಮತ್ತು ಆಸನ ಸೇರಿ ಸಮಬಾಹು ತ್ರಿಭುಜ ಉಂಟಾದರೆ 30 ಡಿಗ್ರಿಯ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ಎರಡು ಸ್ಪೀಕರ್‌ಗಳ ನಡುವೆ 2.5 ಮೀಟರ್ ಅಂತರವಿದ್ದರೆ ಪ್ರತಿಯೊಂದೂ ಆಸನದಿಂದ 2.5 ಮೀಟರ್ ದೂರದಲ್ಲಿರಬೇಕು. ಸ್ಪೀಕರ್‌ಗಳಲ್ಲಿ ಹೆಚ್ಚಿನ ಕಂಪನಾಂಕಗಳನ್ನು ನೀಡುವ ಚಿಕ್ಕ ಟ್ವೀಟರ್ ಕುಳಿತವರ ಕಿವಿಯ ಎತ್ತರದಲ್ಲಿ, ಸುಮಾರು 1 ಮೀಟರಿನಿಂದ 1.2 ಮೀಟರ್ ಎತ್ತರದಲ್ಲಿರಬೇಕು. ಸುತ್ತುಧ್ವನಿಯ ಸ್ಪೀಕರ್‌ಗಳು ಇದಕ್ಕಿಂತ ತುಸು ಮೇಲಿರಬಹುದು.

ಮಧ್ಯ ಸ್ಪೀಕರನ್ನು ಟಿವಿಯ ಕೆಳಗೆ ಷೋಕೇಸ್‌ನ ಒಳಭಾಗಕ್ಕೆ ತಳ್ಳಿ ಇಡುವುದು ಸಾಮಾನ್ಯ ತಪ್ಪು. ಇದರಿಂದ ಧ್ವನಿಯು ಹಲಗೆಗೆ ತಾಗಿ ಮಾತು ಮಬ್ಬಾಗುತ್ತದೆ. ಅದನ್ನು ಹಲಗೆಯ ಅಂಚಿನವರೆಗೆ ಮುಂದಕ್ಕೆ ತಂದು, ಕೇಳುಗರ ಕಿವಿಯತ್ತ ತುಸು ಮೇಲ್ಮುಖವಾಗಿ ಓರೆ ಮಾಡಿದರೆ ಸಂಭಾಷಣೆ ಸ್ಪಷ್ಟವಾಗುತ್ತದೆ. ಸುತ್ತುಧ್ವನಿಯ ಎರಡೂ ಸ್ಪೀಕರ್‌ಗಳನ್ನು ತಂತಿ ಉಳಿಸುವ ಸಲುವಾಗಿ ಟಿವಿಯ ಬಳಿಯೇ ಇರಿಸಿದರೆ 5.1 ವ್ಯವಸ್ಥೆಯ ಉದ್ದೇಶವೇ ಈಡೇರುವುದಿಲ್ಲ.

7.1 ವ್ಯವಸ್ಥೆಯಲ್ಲಿ ಪಕ್ಕದ ಸ್ಪೀಕರ್‌ಗಳನ್ನು 90ರಿಂದ 110 ಡಿಗ್ರಿಯಲ್ಲಿಯೂ, ಹಿಂದಿನವನ್ನು 135ರಿಂದ 150 ಡಿಗ್ರಿಯಲ್ಲಿಯೂ ಇರಿಸಲಾಗುತ್ತದೆ. ಆಸನವು ಹಿಂಬದಿಯ ಗೋಡೆಗೆ ತಾಗಿರುವ ಚಿಕ್ಕ ಕೋಣೆಗಳಲ್ಲಿ ಹಿಂದಿನ ಸ್ಪೀಕರ್‌ಗಳಿಗೆ ಸ್ಥಳವಿರುವುದಿಲ್ಲ. ಅಂತಹ ಕಡೆ 5.1 ವ್ಯವಸ್ಥೆಯೇ ಸೂಕ್ತ.

ಅಟ್ಮಾಸ್‌ಗಾಗಿ ಸ್ಪೀಕರ್‌ಗಳನ್ನು ಛಾವಣಿಯಲ್ಲಿ ಅಳವಡಿಸಬಹುದು. ಮೇಲ್ಮುಖವಾಗಿ ಧ್ವನಿ ಹೊಮ್ಮಿಸಿ ಛಾವಣಿಯಿಂದ ಪ್ರತಿಫಲಿಸುವ ಸ್ಪೀಕರ್‌ಗಳನ್ನೂ ಬಳಸಬಹುದು. ಎರಡನೆಯ ವಿಧಾನಕ್ಕೆ ಸಮತಟ್ಟಾದ ಗಟ್ಟಿ ಛಾವಣಿ ಅಗತ್ಯ. ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಂತಹ ಇಳಿಜಾರು ಮಾಡಿನ ಕೆಳಗೆ ಧ್ವನಿ ಬೇರೆ ದಿಕ್ಕಿಗೆ ಚದುರಿಹೋಗುವುದರಿಂದ ಅದು ಫಲ ನೀಡುವುದಿಲ್ಲ.

ಕೋಣೆಯ ಪ್ರತಿಧ್ವನಿ

ಸಿಮೆಂಟ್ ಗೋಡೆ, ಟೈಲ್ಸ್ ಅಥವಾ ಗ್ರಾನೈಟ್ ನೆಲ ಮತ್ತು ದೊಡ್ಡ ಗಾಜಿನ ಕಿಟಕಿಗಳಿರುವ ಕೋಣೆಯಲ್ಲಿ ಧ್ವನಿಯು ಮತ್ತೆ ಮತ್ತೆ ಪ್ರತಿಫಲಿಸುತ್ತದೆ. ಕೋಣೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದಾಗ ಲೋಹದ ಝೇಂಕಾರದಂತಹ ಸದ್ದು ಉಳಿದರೆ ಪ್ರತಿಫಲನ ಹೆಚ್ಚಾಗಿದೆ ಎಂದರ್ಥ. ಆಸನ ಮತ್ತು ಟಿವಿಯ ನಡುವೆ ದಪ್ಪ ಜಮಖಾನ ಹಾಸುವುದು, ಕಿಟಕಿಗಳಿಗೆ ನೆರಿಗೆಯುಳ್ಳ ದಪ್ಪ ಪರದೆ ಹಾಕುವುದು, ಬಟ್ಟೆ ಹೊದಿಸಿದ ಸೋಫಾ ಬಳಸುವುದು, ಪುಸ್ತಕ ತುಂಬಿದ ಕಪಾಟನ್ನು ಹಿಂಬದಿಯ ಗೋಡೆಗೆ ಇರಿಸುವುದು ಇದಕ್ಕೆ ಸುಲಭ ಪರಿಹಾರಗಳು. ಇವು ಮಧ್ಯಮ ಮತ್ತು ಹೆಚ್ಚಿನ ಕಂಪನಾಂಕಗಳನ್ನು ಹೀರುತ್ತವೆ ಅಥವಾ ಚದುರಿಸುತ್ತವೆ. ಮಂದ್ರ ಧ್ವನಿಯ ಮೇಲೆ ಇವುಗಳ ಪರಿಣಾಮ ತೀರ ಕಡಿಮೆ.

ಸಬ್‌ವೂಫರ್‌ನ ಸ್ಥಾನ

ಮಂದ್ರ ಧ್ವನಿಯ ತರಂಗಾಂತರವು ಕೋಣೆಯ ಅಳತೆಯಷ್ಟೇ ದೊಡ್ಡದು. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ 80 ಹರ್ಟ್ಸ್ ಧ್ವನಿಯ ತರಂಗಾಂತರ ಸುಮಾರು 4.3 ಮೀಟರ್. ಇಂತಹ ಅಲೆಗಳು ಎದುರುಬದುರು ಗೋಡೆಗಳ ನಡುವೆ ಸ್ಥಿರ ಅಲೆಗಳಾಗಿ ನಿಂತು, ಕೆಲವು ಜಾಗಗಳಲ್ಲಿ ಅತಿಯಾಗಿಯೂ ಕೆಲವೆಡೆ ಇಲ್ಲವೆಂಬಂತೆಯೂ ಕೇಳುತ್ತವೆ. 5 ಮೀಟರ್ ಉದ್ದ, 4 ಮೀಟರ್ ಅಗಲ ಮತ್ತು 3 ಮೀಟರ್ ಎತ್ತರದ ಕೋಣೆಯಲ್ಲಿ ಇಂತಹ ಮೊದಲ ಅನುರಣನಗಳು ಕ್ರಮವಾಗಿ ಸುಮಾರು 34, 43 ಮತ್ತು 57 ಹರ್ಟ್ಸ್‌ನಲ್ಲಿ ಉಂಟಾಗುತ್ತವೆ.

ಸರಿಯಾದ ಜಾಗವನ್ನು ಹುಡುಕಲು ಒಂದು ಸರಳ ವಿಧಾನವಿದೆ. ಸಬ್‌ವೂಫರನ್ನು ತಾತ್ಕಾಲಿಕವಾಗಿ ಮುಖ್ಯ ಆಸನದ ಮೇಲೆಯೇ ಇರಿಸಿ, ಮಂದ್ರ ಸ್ವರಗಳು ಹೆಚ್ಚಿರುವ ಸಂಗೀತವನ್ನು ನುಡಿಸಬೇಕು. ಬಳಿಕ ಗೋಡೆಗಳ ಅಂಚಿನುದ್ದಕ್ಕೂ, ಸಬ್‌ವೂಫರ್ ಇಡಲು ಸಾಧ್ಯವಿರುವ ಪ್ರತಿ ಜಾಗದಲ್ಲಿ ತಲೆಯನ್ನು ನೆಲದ ಸಮೀಪಕ್ಕೆ ತಂದು ಆಲಿಸಬೇಕು. ಎಲ್ಲ ಸ್ವರಗಳೂ ಸಮನಾಗಿ, ಗುಂಯ್‌ಗುಡದೆ ಕೇಳುವ ಜಾಗವೇ ಸಬ್‌ವೂಫರ್‌ಗೆ ತಕ್ಕ ಸ್ಥಾನ. ಕೋಣೆಯ ಮೂಲೆಯಲ್ಲಿಟ್ಟರೆ ಮಂದ್ರ ಧ್ವನಿ ಜೋರಾಗುತ್ತದೆ, ಆದರೆ ಏಕರೂಪತೆ ಕಡಿಮೆಯಾಗುವ ಸಂಭವ ಹೆಚ್ಚು.

ಸ್ಪೀಕರ್ ತಂತಿ

ತಂತಿಯ ಪ್ರತಿರೋಧವು ಸ್ಪೀಕರ್‌ನ ಓಮ್‌ನ ಶೇಕಡಾ 5ನ್ನು ಮೀರಬಾರದು ಎಂಬುದು ರೂಢಿಯಲ್ಲಿರುವ ನಿಯಮ. 1.5 ಚದರ ಮಿಲಿಮೀಟರ್ ತಾಮ್ರದ ತಂತಿ 10 ಮೀಟರ್ ದೂರಕ್ಕೆ, ಹೋಗುವ ಮತ್ತು ಬರುವ ಎರಡೂ ಎಳೆಗಳು ಸೇರಿ 20 ಮೀಟರ್‌ಗೆ, ಸುಮಾರು 0.23 ಓಮ್ ಪ್ರತಿರೋಧ ನೀಡುತ್ತದೆ. 8 ಓಮ್ ಸ್ಪೀಕರ್‌ಗೆ ಮಿತಿ 0.4 ಓಮ್ ಆದ್ದರಿಂದ ಇದು ಸಾಕು. 4 ಓಮ್ ಸ್ಪೀಕರ್‌ಗೆ ಮಿತಿ 0.2 ಓಮ್ ಆದ್ದರಿಂದ 2.5 ಚದರ ಮಿಲಿಮೀಟರ್ ತಂತಿ ಬೇಕಾಗುತ್ತದೆ. ಈ ಮಿತಿಯೊಳಗಿನ ಶುದ್ಧ ತಾಮ್ರದ ಸಾಧಾರಣ ತಂತಿಯೇ ಮನೆಬಳಕೆಗೆ ಸಾಕಾಗುತ್ತದೆ. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವಿರುವ ತಂತಿಯ ಪ್ರತಿರೋಧ ಹೆಚ್ಚಾಗಿರುವುದರಿಂದ ಅದನ್ನು ಬಳಸುವಾಗ ಇನ್ನಷ್ಟು ದಪ್ಪದ್ದನ್ನು ಆಯ್ದುಕೊಳ್ಳಬೇಕು.

ಪ್ರತಿ ಸ್ಪೀಕರ್‌ಗೂ ಧನ ಮತ್ತು ಋಣ ಎಂಬ ಎರಡು ತುದಿಗಳಿವೆ. ಕೆಂಪು ಧನ, ಕಪ್ಪು ಋಣ. ರಿಸೀವರ್‌ನ ಕೆಂಪು ತುದಿಯಿಂದ ಹೊರಟ ಎಳೆಯು ಸ್ಪೀಕರ್‌ನ ಕೆಂಪು ತುದಿಗೇ ಸೇರಬೇಕು. ತಂತಿಯ ಒಂದು ಎಳೆಯ ಮೇಲೆ ಇರುವ ಗೆರೆ ಅಥವಾ ಬಣ್ಣದಿಂದ ಅದನ್ನು ಗುರುತಿಸಬಹುದು. ಒಂದು ಸ್ಪೀಕರ್‌ನಲ್ಲಿ ಇದು ಅದಲುಬದಲಾದರೆ ಉಪಕರಣ ಕೆಡುವುದಿಲ್ಲ, ಆದರೆ ಒಂದು ಸ್ಪೀಕರ್ ಗಾಳಿಯನ್ನು ಹೊರಕ್ಕೆ ತಳ್ಳುವಾಗ ಇನ್ನೊಂದು ಒಳಕ್ಕೆ ಎಳೆಯುತ್ತದೆ. ಪರಿಣಾಮವಾಗಿ ಮಂದ್ರ ಧ್ವನಿ ಕ್ಷೀಣಿಸಿ, ಹಾಡುಗಾರರ ಧ್ವನಿ ಎಲ್ಲಿಂದ ಬರುತ್ತಿದೆಯೆಂದೇ ತಿಳಿಯದಂತಾಗುತ್ತದೆ.

ತಂತಿಯ ತುದಿಯಲ್ಲಿ ಸುಮಾರು 1 ಸೆಂಟಿಮೀಟರ್ ಹೊದಿಕೆ ತೆಗೆದು, ಎಳೆಗಳನ್ನು ಬಿಗಿಯಾಗಿ ಹುರಿಮಾಡಿ ಸೇರಿಸಬೇಕು. ಒಂದೇ ಒಂದು ಕೂದಲೆಳೆಯಷ್ಟು ತಾಮ್ರ ಪಕ್ಕದ ತುದಿಯನ್ನು ತಾಗಿದರೂ ಶಾರ್ಟ್ ಸರ್ಕ್ಯೂಟ್ ಆಗಿ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಬನಾನಾ ಪ್ಲಗ್‌ಗಳನ್ನು ಬಳಸಿದರೆ ಈ ಅಪಾಯ ಕಡಿಮೆ.

ಸಾಧನಗಳ ಸಂಪರ್ಕ

ಸಂಪರ್ಕದ ವಿಧಗಳು

ಎಚ್‌ಡಿಎಂಐ ಕೇಬಲ್ ಚಿತ್ರ ಮತ್ತು ಧ್ವನಿ ಎರಡನ್ನೂ ಒಯ್ಯುತ್ತದೆ. ಇದರ ಮೊದಲ ಆವೃತ್ತಿ 2002ರಲ್ಲಿ ಪ್ರಕಟವಾಯಿತು. 2009ರ 1.4 ಆವೃತ್ತಿಯಲ್ಲಿ ಸೇರಿದ 'ಎಆರ್‌ಸಿ' ಸೌಲಭ್ಯದಿಂದ ಟಿವಿಯೊಳಗಿನ ಆ್ಯಪ್‌ಗಳ ಧ್ವನಿಯು ಅದೇ ಕೇಬಲ್‌ನಲ್ಲಿ ಹಿಮ್ಮುಖವಾಗಿ ರಿಸೀವರ್‌ಗೆ ಬರುತ್ತದೆ. 2017ರ 2.1 ಆವೃತ್ತಿಯ 'ಇ-ಎಆರ್‌ಸಿ' ಇದರ ಸುಧಾರಿತ ರೂಪ. ಎಆರ್‌ಸಿಯಲ್ಲಿ ಡಾಲ್ಬಿ ಡಿಜಿಟಲ್ ಮತ್ತು ಡಾಲ್ಬಿ ಡಿಜಿಟಲ್ ಪ್ಲಸ್‌ನಂತಹ ಸಂಕುಚಿತ ಧ್ವನಿ ಹರಿಯಬಲ್ಲದು. ಡಾಲ್ಬಿ ಟ್ರೂಎಚ್‌ಡಿಯಂತಹ ನಷ್ಟರಹಿತ ಧ್ವನಿಗೆ ಇ-ಎಆರ್‌ಸಿ ಬೇಕು.

ಆಪ್ಟಿಕಲ್ ಕೇಬಲ್ ಬೆಳಕಿನ ರೂಪದಲ್ಲಿ ಡಿಜಿಟಲ್ ಧ್ವನಿಯನ್ನು ಒಯ್ಯುತ್ತದೆ. ಇದನ್ನು 1983ರಲ್ಲಿ ತೋಷಿಬಾ ಸಂಸ್ಥೆ ರೂಪಿಸಿತು. ಸಂಕುಚಿತ 5.1 ಧ್ವನಿ ಅಥವಾ ಸಂಕುಚಿತವಲ್ಲದ ಎರಡು ವಾಹಿನಿಗಳಷ್ಟೇ ಇದರ ಮಿತಿ. ಕೆಂಪು ಮತ್ತು ಬಿಳಿ ಬಣ್ಣದ ಆರ್‌ಸಿಎ ಜೋಡಿಯಲ್ಲಿ ಎರಡು ವಾಹಿನಿಗಳು ಮಾತ್ರ ಹರಿಯುತ್ತವೆ. ಈ ಜೋಡಿಯಿಂದ ಸಂಪರ್ಕಿಸಿದ ಸೆಟ್‌ಟಾಪ್ ಬಾಕ್ಸ್‌ನಿಂದ ನಿಜವಾದ 5.1 ಧ್ವನಿ ದೊರೆಯುವುದಿಲ್ಲ.

ಜೋಡಣೆಯ ಕ್ರಮ

1. ಎಲ್ಲ ಉಪಕರಣಗಳನ್ನು ಆರಿಸಿ, ಪ್ಲಗ್‌ಗಳನ್ನು ಸಾಕೆಟ್‌ನಿಂದ ಹೊರತೆಗೆಯಬೇಕು.
2. ಸ್ಪೀಕರ್‌ಗಳನ್ನು ಅವುಗಳ ಸ್ಥಾನದಲ್ಲಿರಿಸಿ, ಬಳುಕಿಗೆ ತುಸು ಹೆಚ್ಚುವರಿ ಬಿಟ್ಟು ತಂತಿಯ ಉದ್ದ ಅಳೆದು ಕತ್ತರಿಸಬೇಕು. ಪ್ರತಿ ತಂತಿಯ ಎರಡೂ ತುದಿಗಳಿಗೆ ಸ್ಪೀಕರ್‌ನ ಹೆಸರು ಬರೆದ ಚೀಟಿ ಅಂಟಿಸಬೇಕು.
3. ಧನ, ಋಣಗಳನ್ನು ಗಮನಿಸಿ ತಂತಿಗಳನ್ನು ಮೊದಲು ಸ್ಪೀಕರ್‌ಗಳಿಗೂ ನಂತರ ರಿಸೀವರ್‌ಗೂ ಜೋಡಿಸಬೇಕು.
4. ರಿಸೀವರ್‌ನ ಸಬ್‌ವೂಫರ್ ಔಟ್‌ನಿಂದ ಸಬ್‌ವೂಫರ್‌ನ 'ಎಲ್‌ಎಫ್‌ಇ' ಎಂದು ಬರೆದ ಇನ್‌ಪುಟ್‌ಗೆ ಆರ್‌ಸಿಎ ಕೇಬಲ್ ಹಾಕಬೇಕು.
5. ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್ ಮತ್ತು ಗೇಮ್ ಸಾಧನಗಳನ್ನು ರಿಸೀವರ್‌ನ ಎಚ್‌ಡಿಎಂಐ ಇನ್‌ಪುಟ್‌ಗಳಿಗೆ ಸೇರಿಸಬೇಕು.
6. ರಿಸೀವರ್‌ನ ಎಚ್‌ಡಿಎಂಐ ಔಟ್‌ಪುಟ್‌ನಿಂದ ಟಿವಿಯಲ್ಲಿ 'ಎಆರ್‌ಸಿ' ಅಥವಾ 'ಇ-ಎಆರ್‌ಸಿ' ಎಂದು ಗುರುತಿಸಿದ ಕಿಂಡಿಗೇ ಕೇಬಲ್ ಹಾಕಬೇಕು. ಟಿವಿಯ ಉಳಿದ ಎಚ್‌ಡಿಎಂಐ ಕಿಂಡಿಗಳಲ್ಲಿ ಈ ಸೌಲಭ್ಯವಿರುವುದಿಲ್ಲ.
7. ಎಲ್ಲ ಸಂಪರ್ಕಗಳನ್ನು ಮತ್ತೊಮ್ಮೆ ಪರೀಕ್ಷಿಸಿ, ಧ್ವನಿ ನಿಯಂತ್ರಣವನ್ನು ಕನಿಷ್ಠಕ್ಕೆ ಇಳಿಸಿ ವಿದ್ಯುತ್ ನೀಡಬೇಕು.
8. ಟಿವಿಯ ಸೆಟ್ಟಿಂಗ್‌ನಲ್ಲಿ ಧ್ವನಿಯ ಮಾರ್ಗವನ್ನು ಟಿವಿ ಸ್ಪೀಕರ್‌ನಿಂದ ರಿಸೀವರ್‌ಗೆ ಬದಲಿಸಬೇಕು. ಡಿಜಿಟಲ್ ಧ್ವನಿಯ ರೂಪವನ್ನು 'ಪಿಸಿಎಂ' ಬದಲು 'ಬಿಟ್‌ಸ್ಟ್ರೀಮ್', 'ಪಾಸ್ ಥ್ರೂ' ಅಥವಾ 'ಆಟೊ' ಎಂದು ಆರಿಸಬೇಕು. ಸೆಟ್‌ಟಾಪ್ ಬಾಕ್ಸ್‌ನಲ್ಲಿಯೂ ಧ್ವನಿಯನ್ನು ಸ್ಟೀರಿಯೊದಿಂದ ಡಾಲ್ಬಿಗೆ ಬದಲಿಸಬೇಕಾಗಬಹುದು.

ಕೊನೆಯ ಹಂತವನ್ನು ಮರೆತಾಗ ಎಲ್ಲ ತಂತಿಗಳೂ ಸರಿಯಿದ್ದರೂ ಎರಡು ವಾಹಿನಿಗಳ ಧ್ವನಿಯಷ್ಟೇ ಬರುತ್ತದೆ.

ಹೊಂದಾಣಿಕೆ

ಅನೇಕ ರಿಸೀವರ್‌ಗಳು ಒಂದು ಮೈಕ್ರೊಫೋನ್‌ನೊಂದಿಗೆ ಬರುತ್ತವೆ. ಅದನ್ನು ಮುಖ್ಯ ಆಸನದಲ್ಲಿ ಕಿವಿಯ ಎತ್ತರಕ್ಕೆ ಸ್ಟ್ಯಾಂಡ್‌ನ ಮೇಲಿರಿಸಿ, ಫ್ಯಾನ್ ಮತ್ತು ಎಸಿ ಆರಿಸಿ, ಕೋಣೆ ನಿಶ್ಶಬ್ದವಾಗಿರುವಾಗ ಸ್ವಯಂಚಾಲಿತ ಹೊಂದಾಣಿಕೆ ನಡೆಸಬೇಕು. ಬಳಿಕ ಫಲಿತಾಂಶವನ್ನು ಈ ಕೆಳಗಿನ ಅಂಶಗಳಿಗೆ ಅನುಗುಣವಾಗಿ ಪರಿಶೀಲಿಸಬೇಕು. ಮೈಕ್ರೊಫೋನ್ ಇಲ್ಲದಿದ್ದಲ್ಲಿ ಇವನ್ನು ಕೈಯಾರೆ ತುಂಬಬಹುದು.

ದೂರ: ಧ್ವನಿ 1 ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಮುಂಭಾಗದ ಸ್ಪೀಕರ್ 3 ಮೀಟರ್ ದೂರದಲ್ಲಿದ್ದು, ಸುತ್ತುಧ್ವನಿಯ ಸ್ಪೀಕರ್ 2 ಮೀಟರ್ ದೂರದಲ್ಲಿದ್ದರೆ ಎರಡನೆಯದರ ಧ್ವನಿ ಸುಮಾರು 3 ಮಿಲಿಸೆಕೆಂಡ್ ಮೊದಲೇ ಕಿವಿಗೆ ತಲುಪುತ್ತದೆ. ಪ್ರತಿ ಸ್ಪೀಕರ್‌ನ ದೂರವನ್ನು ಟೇಪಿನಿಂದ ಅಳೆದು ದಾಖಲಿಸಿದರೆ ರಿಸೀವರ್ ಹತ್ತಿರದ ಸ್ಪೀಕರ್‌ನ ಧ್ವನಿಯನ್ನು ಅಷ್ಟು ತಡಮಾಡಿ ಸರಿದೂಗಿಸುತ್ತದೆ.

ಮಟ್ಟ: ರಿಸೀವರ್ ಹೊರಡಿಸುವ ಪರೀಕ್ಷಾ ಸದ್ದು ಪ್ರತಿ ಸ್ಪೀಕರ್‌ನಿಂದಲೂ ಆಸನದಲ್ಲಿ ಒಂದೇ ಮಟ್ಟದಲ್ಲಿ ಕೇಳುವಂತೆ ಮಾಡಬೇಕು. ಸಾಮಾನ್ಯವಾಗಿ 75 ಡೆಸಿಬೆಲ್ ಮಟ್ಟವನ್ನು ಗುರಿಯಾಗಿಟ್ಟುಕೊಳ್ಳಲಾಗುತ್ತದೆ. ಮೊಬೈಲ್ ಆ್ಯಪ್‌ಗಳು ತೋರಿಸುವ ಸಂಖ್ಯೆ ಕರಾರುವಾಕ್ಕಲ್ಲದಿದ್ದರೂ ಸ್ಪೀಕರ್‌ಗಳನ್ನು ಪರಸ್ಪರ ಹೋಲಿಸಲು ಅವು ಸಾಕು.

ಕ್ರಾಸ್‌ಓವರ್: ಯಾವ ಕಂಪನಾಂಕದಿಂದ ಕೆಳಗಿನ ಧ್ವನಿಯನ್ನು ಸಬ್‌ವೂಫರ್‌ಗೆ ಕಳುಹಿಸಬೇಕೆಂಬುದು ಇದರಿಂದ ನಿರ್ಧಾರವಾಗುತ್ತದೆ. 80 ಹರ್ಟ್ಸ್ ವ್ಯಾಪಕವಾಗಿ ಬಳಕೆಯಲ್ಲಿರುವ ಮೌಲ್ಯ. ಇದಕ್ಕಿಂತ ಕೆಳಗಿನ ಧ್ವನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ಕಿವಿ ಗುರುತಿಸುವುದು ಕಷ್ಟ. ಅತಿ ಚಿಕ್ಕ ಸ್ಪೀಕರ್‌ಗಳಿದ್ದಲ್ಲಿ 100ರಿಂದ 150 ಹರ್ಟ್ಸ್ ಬೇಕಾಗಬಹುದು. ರಿಸೀವರ್‌ನಲ್ಲಿ ಇದನ್ನು ಹೊಂದಿಸಿದ ಮೇಲೆ ಸಬ್‌ವೂಫರ್‌ನ ಹಿಂಬದಿಯ ಕ್ರಾಸ್‌ಓವರ್ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿಡಬೇಕು.

ಹಳೆಯ ಕನ್ನಡ ಚಿತ್ರಗಳಲ್ಲಿ ಬಹುಪಾಲು ಒಂದೇ ವಾಹಿನಿಯ ಮೋನೊ ಧ್ವನಿಯವು. ಅವುಗಳನ್ನು ಪ್ರೊ ಲಾಜಿಕ್‌ನಂತಹ ವಿಧಾನದಲ್ಲಿ ನುಡಿಸಿದಾಗ ಧ್ವನಿಯೆಲ್ಲ ಮಧ್ಯ ಸ್ಪೀಕರ್‌ನಿಂದಲೇ ಬರುವುದು ದೋಷವಲ್ಲ. ಮೂಲದಲ್ಲಿ ಇಲ್ಲದ ದಿಕ್ಕುಗಳನ್ನು ಯಾವ ಉಪಕರಣವೂ ಸೃಷ್ಟಿಸಲಾರದು.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಸಂಭಾಷಣೆ ಕೇಳದಿರುವುದು: ಮೊದಲು ಮಧ್ಯ ಸ್ಪೀಕರ್‌ನ ಸ್ಥಾನ ಮತ್ತು ಸಂಪರ್ಕವನ್ನು ನೋಡಬೇಕು. ನಂತರ ಅದರ ಮಟ್ಟವನ್ನು 2ರಿಂದ 3 ಡೆಸಿಬೆಲ್ ಏರಿಸಬಹುದು. ಮಾತು ಮೆಲ್ಲಗೆ, ಹೊಡೆದಾಟ ಅತಿ ಜೋರು ಎಂಬ ತೊಂದರೆಯಿದ್ದರೆ 'ನೈಟ್ ಮೋಡ್' ಅಥವಾ 'ಡೈನಮಿಕ್ ರೇಂಜ್' ನಿಯಂತ್ರಣವು ಅಂತರವನ್ನು ತಗ್ಗಿಸುತ್ತದೆ. ವೃದ್ಧರು ಮತ್ತು ಕಿವಿ ಮಂದವಾದವರಿರುವ ಮನೆಗಳಲ್ಲಿ ಒಟ್ಟಾರೆ ಧ್ವನಿಯನ್ನು ಏರಿಸುವುದಕ್ಕಿಂತ ಈ ಎರಡು ಕ್ರಮಗಳು ಹೆಚ್ಚು ಉಪಯುಕ್ತ.

ಹಿಂದಿನ ಸ್ಪೀಕರ್‌ಗಳು ಮೌನವಾಗಿರುವುದು: ಪರೀಕ್ಷಾ ಸದ್ದು ಅವುಗಳಲ್ಲಿ ಕೇಳಿದರೆ ತಂತಿ ಸರಿಯಿದೆ ಎಂದರ್ಥ. ಆಗ ದೋಷವನ್ನು ಟಿವಿ ಅಥವಾ ಸೆಟ್‌ಟಾಪ್ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಅಥವಾ ಕಾರ್ಯಕ್ರಮವೇ ಸ್ಟೀರಿಯೊದಲ್ಲಿರುವ ಸಾಧ್ಯತೆಯಲ್ಲಿ ಹುಡುಕಬೇಕು.

ತುಟಿಯ ಚಲನೆಗೂ ಮಾತಿಗೂ ಹೊಂದದಿರುವುದು: ಟಿವಿಯು ಚಿತ್ರವನ್ನು ಸಂಸ್ಕರಿಸಲು ಸಮಯ ತೆಗೆದುಕೊಳ್ಳುವುದರಿಂದ ಮಾತು ಮೊದಲೇ ಕೇಳಬಹುದು. ರಿಸೀವರ್‌ನ 'ಲಿಪ್ ಸಿಂಕ್' ನಿಯಂತ್ರಣದಿಂದ ಧ್ವನಿಯನ್ನು ಅಷ್ಟೇ ತಡಮಾಡಬಹುದು.

ಗುಂಯ್ ಎಂಬ ಸದ್ದು: ಭಾರತದ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದಾಗಿರುವುದರಿಂದ ಅರ್ತಿಂಗ್ ದೋಷವಿದ್ದಾಗ 50 ಅಥವಾ 100 ಹರ್ಟ್ಸ್‌ನ ಗುಂಜಾರವ ಕೇಳುತ್ತದೆ. ಕೇಬಲ್ ಟಿವಿಯ ತಂತಿಯನ್ನು ಕಳಚಿದಾಗ ಸದ್ದು ನಿಂತರೆ ಮೂಲ ಅದೇ. ಎಲ್ಲ ಉಪಕರಣಗಳನ್ನೂ ಒಂದೇ ಸಾಕೆಟ್ ಸಮೂಹಕ್ಕೆ ಸೇರಿಸುವುದು ಒಂದು ಪರಿಹಾರ. ಕರೆಂಟು ಹೋಗಿ ಮನೆಯ ಇನ್ವರ್ಟರ್ ಚಾಲನೆಯಲ್ಲಿರುವಾಗ ಮಾತ್ರ ಸದ್ದು ಬಂದರೆ, ಆ ಇನ್ವರ್ಟರ್ ಶುದ್ಧ ಸೈನ್ ಅಲೆಯ ಬದಲು ಚೌಕಾಕಾರದ ಅಲೆಯನ್ನು ನೀಡುತ್ತಿರಬಹುದು. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ತ್ ಪಿನ್ ಕತ್ತರಿಸುವುದು ಪ್ರಾಣಾಪಾಯಕಾರಿ.

ಸುರಕ್ಷತೆ

ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ 230 ವೋಲ್ಟ್‌ನದು. ರಿಸೀವರ್ ಮತ್ತು ಸಬ್‌ವೂಫರ್‌ಗಳಿಗೆ ಸರಿಯಾದ ಅರ್ತಿಂಗ್ ಇರುವ ಸಾಕೆಟ್ ಹಾಗೂ ಸರ್ಜ್ ಪ್ರೊಟೆಕ್ಟರ್ ಬಳಸುವುದು ಒಳ್ಳೆಯದು. ಗುಡುಗು ಸಿಡಿಲಿನ ವೇಳೆ ವಿದ್ಯುತ್ ಪ್ಲಗ್‌ಗಳೊಂದಿಗೆ ಡಿಶ್ ಅಥವಾ ಕೇಬಲ್ ಟಿವಿಯ ತಂತಿಯನ್ನೂ ಕಳಚಿಡಬೇಕು, ಏಕೆಂದರೆ ಸಿಡಿಲಿನ ಆಘಾತ ಆ ಮಾರ್ಗದಿಂದಲೂ ಬರುತ್ತದೆ. ಈ ಕೆಲಸವನ್ನು ಸಿಡಿಲು ಆರಂಭವಾಗುವ ಮೊದಲೇ ಮಾಡಿ ಮುಗಿಸಬೇಕು. ರಿಸೀವರ್‌ನ ಮೇಲ್ಭಾಗದ ಗಾಳಿಕಿಂಡಿಗಳ ಮೇಲೆ ಬಟ್ಟೆ ಹೊದಿಸುವುದಾಗಲಿ, ಬೇರೆ ಉಪಕರಣ ಇಡುವುದಾಗಲಿ ಕೂಡದು. ಗೋಡೆಗೆ ಅಥವಾ ಛಾವಣಿಗೆ ತೂಗುಹಾಕಿದ ಸ್ಪೀಕರ್‌ಗಳ ಆಧಾರವು ಅವುಗಳ ತೂಕವನ್ನು ಧಾರಾಳವಾಗಿ ತಾಳುವಂತಿರಬೇಕು.

ಶ್ರವಣ ಸಾಮರ್ಥ್ಯದ ರಕ್ಷಣೆಯೂ ಮುಖ್ಯ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್‌ನ ಶಿಫಾರಸಿನಂತೆ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕಾಲ ಕೇಳಬಾರದು. ಪ್ರತಿ 3 ಡೆಸಿಬೆಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. ಅದರಂತೆ 94 ಡೆಸಿಬೆಲ್‌ಗೆ ಮಿತಿ 1 ಗಂಟೆ ಮಾತ್ರ, ಅಂದರೆ ಒಂದು ಚಿತ್ರದ ಅವಧಿಗಿಂತಲೂ ಕಡಿಮೆ.

ಭಾರತದ ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್. ಖಾಸಗಿ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಮಂದ್ರ ಧ್ವನಿಯು ಗೋಡೆ ಮತ್ತು ನೆಲದ ಮೂಲಕ ಸುಲಭವಾಗಿ ದಾಟುವುದರಿಂದ ಅಪಾರ್ಟ್‌ಮೆಂಟ್‌ಗಳಲ್ಲಿ ಸಬ್‌ವೂಫರನ್ನು ದಪ್ಪ ರಬ್ಬರ್ ಅಥವಾ ಫೋಮ್ ಹಾಸಿನ ಮೇಲಿರಿಸುವುದು, ರಾತ್ರಿ ವೇಳೆ ಅದರ ಮಟ್ಟವನ್ನು ಇಳಿಸುವುದು ನೆರೆಹೊರೆಯವರ ನೆಮ್ಮದಿಗೆ ಸಹಕಾರಿ.

ಇವನ್ನೂ ನೋಡಿ

- ಧ್ವನಿವರ್ಧಕ
- ಸ್ಟೀರಿಯೊ ಧ್ವನಿ
- ಡಾಲ್ಬಿ ಅಟ್ಮಾಸ್
- ಡೆಸಿಬೆಲ್
- ಶಬ್ದಮಾಲಿನ್ಯ